ಕಾರಿನ ನಾಡಿಪರೀಕ್ಷೆ

ಚಾಲಕನೆದುರಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಂಡಿತೆಂದರೆ ಮನೆಯ ಯಜಮಾನನ ಎದೆ ಧಸಕ್ಕೆನ್ನುವುದು ಸಹಜ. ದೀಪವೇನೋ ಚಿಕ್ಕದು, ಅದರ ಬೆನ್ನಿಗೇ ಬರುವ ಬಿಲ್ಲು ಅನೇಕ ವೇಳೆ ಚಿಕ್ಕದಾಗಿರುವುದಿಲ್ಲ. ಆದರೆ ಆ ದೀಪದ ಭಾಷೆಯನ್ನು ಕೊಂಚ ಅರಿತವನು ಬೇಡದ ವೆಚ್ಚದಿಂದ ಪಾರಾಗಬಲ್ಲನು.

ಇಂದಿನ ಕಾರಿನೊಳಗೆ ಹಲವು ಪುಟ್ಟ ಗಣಕಯಂತ್ರಗಳು ಅಡಗಿವೆ. ತಮ್ಮ ಅಧೀನದ ವಿದ್ಯುನ್ಮಂಡಲಗಳನ್ನು ಅವು ಪರೀಕ್ಷಿಸುತ್ತಲೇ ಇದ್ದು, ದೋಷ ಕಂಡಾಗ ಒಂದು ಸಂಕೇತವನ್ನು ಬರೆದಿಡುತ್ತವೆ. ಅಮೆರಿಕದಲ್ಲಿ ೧೯೯೬ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಏಕರೂಪದ ಸಂಕೇತಗಳು ಕಡ್ಡಾಯವಾದುವು. ಭಾರತದಲ್ಲಿ ಈ ವ್ಯವಸ್ಥೆ ೨೦೧೦ರಿಂದ ಹಂತಹಂತವಾಗಿ ಜಾರಿಗೆ ಬಂದಿತು. ಸ್ಟಿಯರಿಂಗ್ ಚಕ್ರದ ಕೆಳಭಾಗದಲ್ಲಿರುವ ೧೬ ಸೂಜಿಗಳ ಕಿಂಡಿಗೆ ಸ್ಕ್ಯಾನರ್ ಜೋಡಿಸಿದರೆ ಅವುಗಳನ್ನು ಓದಬಹುದು. ಮೊದಲಕ್ಷರ ‘ಪಿ’ ಆದರೆ ದೋಷವು ಎಂಜಿನ್ ಇಲ್ಲವೆ ಗೇರಿಗೆ ಸಂಬಂಧಿಸಿದ್ದು. ‘ಬಿ’ ಎಂದರೆ ಕಾರಿನ ಒಡಲು. ‘ಸಿ’ ಎಂದರೆ ಬ್ರೇಕು, ಸ್ಟಿಯರಿಂಗ್ ಮೊದಲಾದುವು. ‘ಯು’ ಎಂದರೆ ಗಣಕಯಂತ್ರಗಳ ನಡುವಣ ಸಂಪರ್ಕ.

ಎಡವುವುದು ಇಲ್ಲಿಯೇ. ಸಂಕೇತವು ಸಾಕ್ಷಿಯೇ ಹೊರತು ತೀರ್ಪಲ್ಲ. ‘ಪಿ ೦೧೧೮’ ಎಂಬುದನ್ನು ತೆಗೆದುಕೊಳ್ಳಿ. ಎಂಜಿನ್ನನ್ನು ತಂಪಾಗಿಡುವ ನೀರಿನ ಉಷ್ಣತೆಯನ್ನಳೆಯುವ ಸೆನ್ಸರಿನ ಮಂಡಲದಲ್ಲಿ ವೋಲ್ಟೇಜು ಮಿತಿಮೀರಿದೆ ಎಂದು ಅದರ ಅರ್ಥ; ಸೆನ್ಸರು ಕೆಟ್ಟಿದೆ ಎಂದಲ್ಲ. ಗಣಕವು ಸೆನ್ಸರಿಗೆ ೫ ವೋಲ್ಟು ಕಳುಹಿಸುತ್ತದೆ. ನೀರು ಕಾದಂತೆ ವೋಲ್ಟೇಜು ಇಳಿಯುತ್ತದೆ, ತಣಿದಂತೆ ಏರುತ್ತದೆ. ನಡುವೆ ತಂತಿ ತುಂಡಾದರೆ ೫ ವೋಲ್ಟೂ ಹಾಗೆಯೇ ನಿಲ್ಲುತ್ತದೆ. ಆಗ ಕಲಬುರಗಿಯ ಕಡುಬೇಸಿಗೆಯಲ್ಲಿಯೂ ಸ್ಕ್ಯಾನರು ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಹಿಮಶೀತವನ್ನು ತೋರಿಸಬಹುದು! ಇಂತಹ ಸ್ಥಿತಿಯಲ್ಲಿ ಹೊಸ ಸೆನ್ಸರು ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಬಲ್ಲ ಮೆಕ್ಯಾನಿಕನು ತಯಾರಕರ ಕೈಪಿಡಿಯಂತೆ ಸೆನ್ಸರಿನ ಕೊಂಡಿ ಬಿಚ್ಚಿ, ಅದರ ಎರಡು ತಂತಿಗಳನ್ನು ಕ್ಷಣಕಾಲ ಕೂಡಿಸುತ್ತಾನೆ. ತೋರುವ ಉಷ್ಣತೆ ಒಮ್ಮೆಲೇ ಮೇಲಕ್ಕೆ ಜಿಗಿದರೆ ತಂತಿಯೂ ಗಣಕವೂ ನಿರ್ದೋಷಿಗಳು. ಸಂಶಯವು ಸೆನ್ಸರಿನ ಮೇಲೆ ನಿಲ್ಲುತ್ತದೆ. ಜಿಗಿಯದಿದ್ದರೆ ತಂತಿಯನ್ನೇ ಶೋಧಿಸಬೇಕು.

ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಸಂಕೇತಗಳು ಏಕಕಾಲದಲ್ಲಿ ಮೂಡಿದರೆ ಮೊದಲು ನೋಡಬೇಕಾದುದು ಬ್ಯಾಟರಿ ಮತ್ತು ಅರ್ಥಿಂಗಿನ ತಂತಿಗಳು. ಪೂರ್ಣ ತುಂಬಿದ ಸಾಮಾನ್ಯ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು ೧೨.೬ ವೋಲ್ಟು ತೋರಬೇಕು. ತುಕ್ಕು ಹಿಡಿದ ಒಂದು ಕೊಂಡಿ ಇಡೀ ಕಾರನ್ನೇ ರೋಗಿಯನ್ನಾಗಿ ತೋರಿಸಬಲ್ಲುದು.

ಇನ್ನೆರಡು ಮಾತು. ಸಂಕೇತವನ್ನು ಬರೆದುಕೊಳ್ಳುವ ಮೊದಲೇ ಅಳಿಸಬಾರದು. ದೋಷ ಮೂಡಿದ ಗಳಿಗೆಯ ವೇಗ, ಉಷ್ಣತೆ ಮುಂತಾದ ದಾಖಲೆಯೂ ಅದರೊಂದಿಗೆ ಅಳಿದುಹೋಗುತ್ತದೆ. ಎಂಜಿನ್ ದೀಪವು ನಿಂತು ಉರಿಯದೆ ಮಿನುಗುತ್ತಿದ್ದರೆ ಮಾತ್ರ ವಿಳಂಬ ಸಲ್ಲದು. ಎಂಜಿನ್ನಿನಲ್ಲಿ ಇಂಧನ ಸರಿಯಾಗಿ ಉರಿಯದೆ ಹೊಗೆ ಶುದ್ಧಿಯ ಬೆಲೆಬಾಳುವ ಭಾಗ ಹಾಳಾಗುವ ಸಂಭವವುಂಟು.

“ಈ ಭಾಗ ಬದಲಿಸಬೇಕು” ಎಂಬ ಮಾತು ಬಂದಾಗ, “ಯಾವ ಪರೀಕ್ಷೆಯಿಂದ ತಿಳಿಯಿತು?” ಎಂದು ವಿನಯದಿಂದ ಕೇಳುವ ಹಕ್ಕು ಕಾರಿನೊಡೆಯನಿಗಿದೆ. ನಿಜವಾಗಿ ನಾಡಿ ಹಿಡಿದು ನೋಡಿದವನು ಆ ಪ್ರಶ್ನೆಗೆ ಎಂದೂ ಬೇಸರಿಸುವುದಿಲ್ಲ.