ಚಿಪ್ಪು ಜಾರಿದರೆ ಎಣ್ಣೆ ಏನು ಮಾಡೀತು?

ಬಿಳಿ ಕೂದಲಿನ ಪುಟ್ಟ ನಾಯಿ ಅಂಗಳದಲ್ಲಿ ಓಡುತ್ತಿರುತ್ತದೆ. ನಡುವೆ ಹಿಂಗಾಲೊಂದನ್ನು ಮೇಲೆತ್ತಿ, ಮೂರೇ ಕಾಲಿನಲ್ಲಿ ನಾಲ್ಕು ಹೆಜ್ಜೆ ಕುಪ್ಪಳಿಸುತ್ತದೆ. ಎತ್ತಿದ ಕಾಲನ್ನು ಹಿಂದಕ್ಕೆ ಚಾಚಿ ಝಾಡಿಸುತ್ತದೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಓಟ ಮುಂದುವರಿಯುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಇದನ್ನು ಕಂಡ ಮನೆಯವರ ಬಾಯಲ್ಲಿ ಬರುವ ಮಾತು ಎರಡು. ಒಂದು, “ಚ್ಯಾಷ್ಟಿ ಮಾಡ್ತದ ಬಿಡ್ರಿ.” ಇನ್ನೊಂದು, “ಕಾಲು ಉಳಕ್ಯದ, ಎಣ್ಣಿ ಹಚ್ಚಿ ತಿಕ್ರಿ, ನಾಕ್ ದಿನಕ್ಕ ಸರಿ ಆಗ್ತದ.”

ಚಿಕ್ಕ ಜಾತಿಯ ನಾಯಿಗಳಲ್ಲಿ ಈ ಕುಪ್ಪಳಿಕೆ ಚೇಷ್ಟೆಯೂ ಅಲ್ಲ, ಹೆಚ್ಚಿನ ಸಲ ಉಳುಕೂ ಅಲ್ಲ. ಮೊಣಕಾಲಿನ ಚಿಪ್ಪು ತನ್ನ ಜಾಗ ಬಿಟ್ಟು ಸರಿದಿದೆ ಎಂಬುದರ ಗುರುತು ಅದು. ಪಶುವೈದ್ಯರು ಇದನ್ನು ಪಟೆಲ್ಲರ್ ಲಕ್ಸೇಷನ್ ಎನ್ನುತ್ತಾರೆ. ತೊಡೆಯ ಎಲುಬಿನ ಕೆಳತುದಿಯಲ್ಲಿ ಒಂದು ತೋಡು ಇರುತ್ತದೆ. ಕಾಲು ಮಡಚಿ ಬಿಚ್ಚುವಾಗ ಚಿಪ್ಪು ಆ ತೋಡಿನಲ್ಲೇ ಮೇಲೆ ಕೆಳಗೆ ಸರಿಯಬೇಕು. ತೋಡಿನ ಆಳ ಕಡಿಮೆಯಾಗಿದ್ದರೆ, ಇಲ್ಲವೇ ತೊಡೆಯಿಂದ ಕಣಕಾಲಿಗೆ ಬರುವ ಎಳೆತ ನೇರವಾಗಿರದಿದ್ದರೆ, ಹಳಿ ತಪ್ಪಿದ ಸರಿಯುವ ಕಿಟಕಿಯಂತೆ ಚಿಪ್ಪು ಪಕ್ಕಕ್ಕೆ ಹೋಗುತ್ತದೆ. ಸಣ್ಣ ನಾಯಿಗಳಲ್ಲಿ ಅದು ಹೆಚ್ಚಾಗಿ ಒಳಮಗ್ಗುಲಿಗೆ ಜಾರುತ್ತದೆ. ನಾಯಿ ಕಾಲು ಝಾಡಿಸಿದಾಗ ಚಿಪ್ಪು ಮರಳಿ ತೋಡಿಗೆ ಬೀಳುತ್ತದೆ, ಅದಕ್ಕೇ ಅದು ಮತ್ತೆ ಓಡುತ್ತದೆ. ಮನೆಯವರು ನಿಶ್ಚಿಂತರಾಗುವುದು ಇಲ್ಲೇ. ಆದರೆ ಪ್ರತಿ ಸಲ ಜಾರುವಾಗಲೂ ಚಿಪ್ಪಿನ ಅಡಿಯ ಮೆದುವಾದ ಹೊದಿಕೆ ಎಲುಬಿನ ಅಂಚಿಗೆ ಉಜ್ಜಿ ಸವೆಯುತ್ತದೆ. ವರ್ಷಗಳು ಕಳೆದಂತೆ ಸಂಧಿವಾತಕ್ಕೆ ಅದೇ ದಾರಿಯಾಗುತ್ತದೆ.

ಎಣ್ಣೆ ಹಚ್ಚುವವರಲ್ಲಿ ಅನೇಕರು ಹಚ್ಚುವ ಜಾಗವೇ ಬೇರೆ. ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿ ಚೂಪಾಗಿ ಕಾಣುವ ಕೀಲನ್ನೇ ಮೊಣಕಾಲು ಎಂದುಕೊಂಡು ಅಲ್ಲಿ ತಿಕ್ಕುತ್ತಾರೆ. ಅದು ನಾಯಿಯ ಹಿಮ್ಮಡಿ. ಮೊಣಕಾಲು ಅದಕ್ಕಿಂತ ಮೇಲೆ, ಹೊಟ್ಟೆಯ ಹತ್ತಿರ, ಮುಂದಕ್ಕೆ ಮುಖ ಮಾಡಿರುತ್ತದೆ. ಕೂದಲು ದಟ್ಟವಾಗಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಮುಂಗಾಲುಗಳಲ್ಲಿ ಮೊಣಕಾಲು ಚಿಪ್ಪು ಇರುವುದಿಲ್ಲ, ಅಲ್ಲಿರುವುದು ಮೊಣಕೈ. ಆದ್ದರಿಂದ ಮುಂಗಾಲು ಕುಂಟಿದರೆ ಕಾರಣವನ್ನು ಬೇರೆಡೆ ಹುಡುಕಬೇಕು.

“ಮಂಚದಿಂದ ಜಿಗಿದು ಬಿತ್ತು, ಅದಕ್ಕೇ ಹೀಗಾಯಿತು” ಎಂಬ ನಂಬಿಕೆ ತುಂಬ ಗಟ್ಟಿ. ಹುಡುಗರು ಎತ್ತಿ ಆಡಿಸುವಾಗ ಕೈಜಾರಿ ಕೆಡವಿದರು ಎಂದು ಮಕ್ಕಳಿಗೆ ಬೈಗುಳವೂ ಬೀಳುತ್ತದೆ. ಪೆಟ್ಟಿನಿಂದ ಚಿಪ್ಪು ಜಾರುವುದು ಉಂಟು. ಆದರೆ ಅಂಥವು ಕಡಿಮೆ. ಬಹುಪಾಲು ನಾಯಿಗಳಲ್ಲಿ ಕಾಲಿನ ಎಲುಬುಗಳು ಬೆಳೆಯುವ ರೀತಿಯಲ್ಲೇ ಈ ದೋಷ ಇರುತ್ತದೆ, ಮತ್ತು ಅದು ತಂದೆ ತಾಯಿಯಿಂದ ಬರುತ್ತದೆ. ಸರಿಸುಮಾರು ಅರ್ಧದಷ್ಟು ನಾಯಿಗಳಲ್ಲಿ ಎರಡೂ ಹಿಂಗಾಲುಗಳಿಗೆ ಈ ತೊಂದರೆ ಇರುವುದೇ ಇದಕ್ಕೆ ಸಾಕ್ಷಿ. ಒಂದು ಸಲ ಬಿದ್ದ ನಾಯಿಗೆ ಎರಡೂ ಕಾಲಿನ ಚಿಪ್ಪು ಒಂದೇ ಬಗೆಯಲ್ಲಿ ಒಳಕ್ಕೆ ಜಾರುವುದು ಅಪರೂಪ.

ಯಾವ ಜಾತಿಗಳಿಗೆ ಇದು ಹೆಚ್ಚು ಎಂಬುದೂ ಗೊತ್ತಿರುವ ಸಂಗತಿ. ಇಂಗ್ಲೆಂಡಿನ ಪಶು ಚಿಕಿತ್ಸಾಲಯಗಳ ದಾಖಲೆ ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪೊಮೆರೇನಿಯನ್, ಚಿಹುವಾಹುವಾ, ಯಾರ್ಕ್‌ಶೈರ್ ಟೆರಿಯರ್, ಫ್ರೆಂಚ್ ಬುಲ್‌ಡಾಗ್ ಮುಂಚೂಣಿಯಲ್ಲಿದ್ದವು. ಮಿಶ್ರ ತಳಿಯ ನಾಯಿಗಳಿಗೆ ಹೋಲಿಸಿದರೆ ಪೊಮೆರೇನಿಯನ್‌ಗಳಲ್ಲಿ ಈ ತೊಂದರೆಯ ಸಾಧ್ಯತೆ ಆರು ಪಟ್ಟಿಗೂ ಮಿಗಿಲು. ನಮ್ಮ ಕಡೆ ‘ಪಾಮ್’ ಎಂದು ಸಾಕುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ನಿಜಕ್ಕೂ ಇಂಡಿಯನ್ ಸ್ಪಿಟ್ಸ್. 1994ರ ‘ಹಮ್ ಆಪ್ಕೆ ಹೈ ಕೌನ್’ ಹಿಂದಿ ಸಿನಿಮಾದ ಟಫಿ ಇದೇ ಜಾತಿಯದು. ಆ ಕಾಲದಲ್ಲಿ ಊರೂರಿನ ಮಧ್ಯಮ ವರ್ಗದ ಮನೆಗಳಿಗೆ ಬಂದ ಈ ನಾಯಿ ಇಲ್ಲಿನ ಬಿಸಿಲಿಗೂ ಹೊಂದಿಕೊಂಡಿತು. 2003ರ ಹಚ್ ಮೊಬೈಲ್ ಜಾಹೀರಾತಿನ ನಂತರ ಪಗ್ ಬಂತು. ಈಚೆಗೆ ಶಿಹ್ ಟ್ಜು ಮರಿಗಳೂ ಬರುತ್ತಿವೆ. ಇವೆಲ್ಲ ಮೊಣಕಾಲಿನ ಬಗ್ಗೆ ಎಚ್ಚರ ಬೇಕಾದ ನಾಯಿಗಳೇ. ಕುರಿಗಾರರ ಹಿಂಡಿನ ಹಿಂದೆ ದಿನವಿಡೀ ನಡೆಯುವ ನಾಯಿಗಳ ಸ್ಥಿತಿ ಬೇರೆ. ಕಾಲಿನಲ್ಲಿ ದೋಷವಿದ್ದ ನಾಯಿ ಆ ಬದುಕಿನಲ್ಲಿ ಉಳಿದು ಮರಿ ಹಾಕುವುದು ಕಷ್ಟ. ಚೆಂದಕ್ಕಾಗಿ, ಗಿಡ್ಡ ಗಾತ್ರಕ್ಕಾಗಿ ಆಯ್ದು ಬೆಳೆಸಿದ ತಳಿಗಳಲ್ಲಿ ಅಂಥ ಸೋಸುವಿಕೆಯೇ ಇಲ್ಲ.

ಇನ್ನು ಕ್ಯಾಲ್ಸಿಯಂ. ಕಾಲು ಎತ್ತಿತೆಂದರೆ ಔಷಧ ಅಂಗಡಿಯಿಂದ ಕ್ಯಾಲ್ಸಿಯಂ ಸಿರಪ್ ತರುವುದು ರೂಢಿ. ತೋಡಿನ ಆಳ ಕಡಿಮೆ ಇರುವುದು ಆಕಾರದ ದೋಷ, ಪೋಷಕಾಂಶದ ಕೊರತೆಯಲ್ಲ. ಸಿರಪ್ಪು ತೋಡನ್ನು ಆಳ ಮಾಡದು. ಬೆಳೆಯುವ ಮರಿಗೆ ಅಳತೆ ಮೀರಿ ಕ್ಯಾಲ್ಸಿಯಂ ಕೊಟ್ಟರೆ ಎಲುಬಿನ ಬೆಳವಣಿಗೆಗೇ ಪೆಟ್ಟು ಬೀಳಬಹುದು. ಬರೀ ಅನ್ನ, ರೊಟ್ಟಿ ತಿಂದು ಬೆಳೆಯುವ ಮರಿಗೆ ಪೋಷಕಾಂಶಗಳ ಕೊರತೆ ಇರಬಹುದು, ಆ ಮಾತು ನಿಜ. ಅದನ್ನು ವೈದ್ಯರು ನೋಡಿ ಹೇಳಬೇಕು.

ಇವೆಲ್ಲಕ್ಕಿಂತ ಅಪಾಯದ್ದು ಮನುಷ್ಯರ ನೋವಿನ ಗುಳಿಗೆ. ಐಬುಪ್ರೊಫೇನ್, ಡೈಕ್ಲೊಫೆನ್ಯಾಕ್‌ನಂಥವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತಸ್ರಾವಕ್ಕೆ ಕಾರಣವಾಗುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತು ಹಾಳಾಗುತ್ತದೆ. “ಅರ್ಧ ಗುಳಿಗಿ ಅಷ್ಟ ಕೊಟ್ಟೀವಿ” ಎನ್ನುವವರು ತೂಕದ ಲೆಕ್ಕ ನೋಡಬೇಕು. 60 ಕಿಲೊ ಮನುಷ್ಯನ ಗುಳಿಗೆಯಲ್ಲಿ ಅರ್ಧ ಎಂದರೂ 4 ಕಿಲೊ ನಾಯಿಗೆ ಅದು ಏಳೆಂಟು ಪಟ್ಟು ಆಗುತ್ತದೆ. ಸತ್ತ ದನಗಳ ಮೈಯಲ್ಲಿ ಉಳಿದ ಡೈಕ್ಲೊಫೆನ್ಯಾಕ್‌ನಿಂದ ರಣಹದ್ದುಗಳು ಅಳಿಯತೊಡಗಿದ್ದರಿಂದ ಭಾರತ ಸರ್ಕಾರ 2006ರಲ್ಲೇ ಪ್ರಾಣಿಗಳಿಗೆಂದು ಆ ಔಷಧ ತಯಾರಿಸುವುದನ್ನು ನಿಷೇಧಿಸಿತು. ನಾಯಿಗೆ ಹೊಂದುವ ನೋವಿನ ಔಷಧಗಳು ಬೇರೆ ಇವೆ. ಅವನ್ನು ತೂಕ ನೋಡಿ ಪಶುವೈದ್ಯರೇ ಬರೆಯಬೇಕು.

ಎಲುಬು ಕಟ್ಟುವವರ ಕಡೆ ಒಯ್ದು ಒತ್ತಿಸಿ ಕೂರಿಸುವುದರಿಂದಲೂ ಪ್ರಯೋಜನವಿಲ್ಲ. ಒತ್ತಿದರೆ ಚಿಪ್ಪು ಒಳಗೆ ಕೂರುತ್ತದೆ, ಸರಿಯೇ. ತೋಡು ಹಾಗೇ ಇರುವುದರಿಂದ ಮತ್ತೆ ಜಾರುತ್ತದೆ. ಬಿಗಿಯಾಗಿ ಕಟ್ಟಿದ ಪಟ್ಟಿಯಿಂದ ರಕ್ತ ಸಂಚಾರ ನಿಂತು ಪಾದ ಬಾತುಕೊಂಡರೆ ಹೊಸ ಸಂಕಟ.

ಹಾಗಾದರೆ ಮನೆಯಲ್ಲಿ ಮಾಡುವುದೇನೂ ಇಲ್ಲವೆ? ಇದೆ, ಬಹಳ ಇದೆ. ಮೊದಲನೆಯದು ತೂಕ. ದುಂಡಗಿರುವ ನಾಯಿ ಆರೋಗ್ಯವಂತ ಎಂಬ ನಂಬಿಕೆ ಈ ನಾಯಿಗಳಿಗೆ ಬಹಳ ಹಾನಿ ಮಾಡಿದೆ. 5 ಕಿಲೊ ತೂಗುವ, ಮನೆಯಲ್ಲೇ ಇರುವ ನಾಯಿಗೆ ದಿನಕ್ಕೆ ಸುಮಾರು 350 ಕಿಲೊ ಕ್ಯಾಲೊರಿ ಸಾಕು. 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲೇ 200ರಷ್ಟು ಇರುತ್ತದೆ. ಮನೆಯ ಆರು ಮಂದಿ ಊಟಕ್ಕೆ ಕೂತಾಗ ಒಬ್ಬೊಬ್ಬರೂ ಒಂದೊಂದು ತುತ್ತು ಹಾಕಿ, ಮುಂಜಾನೆ ಚಹಾದ ಜೊತೆ ಬಿಸ್ಕತ್ತು, ರಾತ್ರಿ ಹಾಲು ಎಂದರೆ ಲೆಕ್ಕ ಎಲ್ಲಿಗೆ ಹೋಯಿತು? ಪಕ್ಕೆಲುಬುಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರೆ ಒಂದೊಂದೂ ಕೈಗೆ ಸಿಗಬೇಕು. ಒತ್ತಿದರೂ ಸಿಗದಿದ್ದರೆ ತೂಕ ಹೆಚ್ಚಾಗಿದೆ. ತೂಕ ಇಳಿಸಿದಷ್ಟೂ ಜಾರುವ ಮೊಣಕಾಲಿನ ಮೇಲಿನ ಭಾರ ಇಳಿಯುತ್ತದೆ. ದುಡ್ಡು ಖರ್ಚಿಲ್ಲದ ಈ ಚಿಕಿತ್ಸೆ ಯಾವ ಸಿರಪ್ಪಿಗಿಂತಲೂ ದೊಡ್ಡದು.

ಎರಡನೆಯದು ನೆಲ. ಈ ಭಾಗದ ಹಳೆಯ ಮನೆಗಳಲ್ಲಿ ಶಹಾಬಾದಿ ಫರಸಿ ಇರುತ್ತದೆ. ನಯ ಮಾಡದ ಫರಸಿ ಅಷ್ಟು ಜಾರುವುದಿಲ್ಲ. ಹೊಸ ಮನೆಗಳ ಹೊಳೆಯುವ ಟೈಲ್ಸ್ ಮೇಲೆ ನಾಯಿ ತಿರುಗುವಾಗ ಹಿಂಗಾಲು ಅಗಲಕ್ಕೆ ಜಾರಿ ಮೊಣಕಾಲು ತಿರುಚುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ನಾಯಿಗೆ ತಂಪು ನೆಲ ಬೇಕೇ ಬೇಕು, ಅದನ್ನು ತಪ್ಪಿಸಬಾರದು. ಮಲಗುವ ಮೂಲೆಯನ್ನು ಹಾಗೇ ಬಿಟ್ಟು, ಓಡಾಡುವ ದಾರಿಯಲ್ಲಿ ಜಮಖಾನೆ ಇಲ್ಲವೇ ಅಡಿಗೆ ರಬ್ಬರ್ ಇರುವ ಚಾಪೆ ಹಾಸಬಹುದು. ಗೋಣಿ ಚೀಲ ಹಾಸುವುದಾದರೆ ಅಂಚು ಅಲುಗದಂತೆ ಭದ್ರ ಮಾಡಬೇಕು. ಪಾದದ ಅಡಿಯ ಬೆರಳುಗಳ ನಡುವೆ ಬೆಳೆದ ಕೂದಲನ್ನು ಕತ್ತರಿಸಿ, ಉಗುರು ತೆಗೆಸಿದರೆ ಹಿಡಿತ ಸಿಗುತ್ತದೆ. ಮಂಚ, ಸೋಫಾ, ಎತ್ತರದ ಕಟ್ಟೆಯಿಂದ ಜಿಗಿಯದಂತೆ ನೋಡಿಕೊಳ್ಳಬೇಕು. ಜಿಗಿತ ಈ ದೋಷವನ್ನು ಹುಟ್ಟಿಸದಿದ್ದರೂ ಇರುವ ದೋಷವನ್ನು ಕೆರಳಿಸುತ್ತದೆ.

ಇದನ್ನು ಕೇಳಿದವರು ನಾಯಿಯನ್ನು ಸರಪಳಿ ಹಾಕಿ ಕಟ್ಟಿಬಿಡುವುದೂ ಉಂಟು. ಅದೂ ತಪ್ಪೇ. ಚಿಪ್ಪನ್ನು ಹಿಡಿದಿಡುವುದರಲ್ಲಿ ತೊಡೆಯ ಸ್ನಾಯುವಿನ ಪಾಲು ದೊಡ್ಡದು. ನಡೆಯದ ನಾಯಿಯ ತೊಡೆ ಸೊರಗುತ್ತದೆ, ಚಿಪ್ಪು ಇನ್ನಷ್ಟು ಜಾರುತ್ತದೆ. ಸಮತಟ್ಟಾದ ಮಣ್ಣಿನ ದಾರಿಯಲ್ಲಿ ದಿನಕ್ಕೆ ಎರಡು ಹೊತ್ತು ಸ್ವಲ್ಪ ಸ್ವಲ್ಪ ನಡೆಸುವುದು ಒಳ್ಳೆಯದು. ಸುರಪುರದಂಥ ಗುಡ್ಡದ ಊರಿನಲ್ಲಿ ಮೆಟ್ಟಿಲು ಬಂದ ಕಡೆ ಎತ್ತಿಕೊಂಡರಾಯಿತು. ಬೇಸಿಗೆಯಲ್ಲಿ ಸೂರ್ಯ ಏರುವ ಮೊದಲೇ ಮುಗಿಸಬೇಕು, ಕಾದ ಡಾಂಬರು ಪಾದ ಸುಡುತ್ತದೆ. ಈಜು ಕಾಲಿಗೆ ಒಳ್ಳೆಯ ವ್ಯಾಯಾಮ ಎಂದು ಕೇಳಿ ನಾರಾಯಣಪುರ ಎಡದಂಡೆ ಕಾಲುವೆಗೆ ಮಾತ್ರ ಯಾರೂ ಇಳಿಸಬಾರದು. ಅದರ ಕಡಿದಾದ ಸಿಮೆಂಟ್ ದಂಡೆ ಹತ್ತಲು ಮನುಷ್ಯರಿಗೇ ಆಗುವುದಿಲ್ಲ.

ಆಪರೇಷನ್ ವಿಷಯದಲ್ಲಿ ಎರಡು ವಿರುದ್ಧ ನಂಬಿಕೆಗಳಿವೆ. ಚಿಪ್ಪು ಜಾರಿತೆಂದರೆ ಕತ್ತರಿ ಹಾಕಲೇಬೇಕು ಎಂಬುದು ಒಂದು, ಕತ್ತರಿ ಹಾಕಿದರೆ ನಾಯಿ ಹೆಳವಾಯಿತು ಎಂಬುದು ಇನ್ನೊಂದು. ಉತ್ತರ ಇರುವುದು ದರ್ಜೆಯಲ್ಲಿ. ವೈದ್ಯರು ಬೆರಳಿನಿಂದ ಚಿಪ್ಪನ್ನು ಒತ್ತಿ ನಾಲ್ಕು ದರ್ಜೆಗಳಲ್ಲಿ ಅಳೆಯುತ್ತಾರೆ. ಮೊದಲನೆಯದರಲ್ಲಿ ಚಿಪ್ಪು ಸರಿಯಾದ ಜಾಗದಲ್ಲೇ ಇರುತ್ತದೆ, ಕೈಯಿಂದ ತಳ್ಳಿದರೆ ಹೊರಹೋಗಿ ಬಿಟ್ಟ ಕೂಡಲೇ ಮರಳುತ್ತದೆ. ಎರಡನೆಯದರಲ್ಲಿ ಆಗಾಗ ತಾನಾಗಿಯೇ ಜಾರಿ ಮರಳುತ್ತದೆ. ಆರಂಭದಲ್ಲಿ ಹೇಳಿದ ಕುಪ್ಪಳಿಕೆ ಹೆಚ್ಚಾಗಿ ಈ ದರ್ಜೆಯದು. ಮೂರನೆಯದರಲ್ಲಿ ಹೆಚ್ಚು ಹೊತ್ತು ಹೊರಗೇ ಇದ್ದು, ತಳ್ಳಿದರೆ ಒಳಬಂದು ಮತ್ತೆ ಜಾರುತ್ತದೆ. ನಾಲ್ಕನೆಯದರಲ್ಲಿ ಒಳಗೆ ಬರುವುದೇ ಇಲ್ಲ, ನಾಯಿ ಮೊಣಕಾಲು ಮಡಚಿಕೊಂಡೇ ತೆವಳಿದಂತೆ ನಡೆಯುತ್ತದೆ.

ಮೊದಲ ದರ್ಜೆಗೆ ಸಾಮಾನ್ಯವಾಗಿ ಆಪರೇಷನ್ ಬೇಡ. ಎರಡನೆಯದಕ್ಕೆ ಬೇಕೆ ಬೇಡವೆ ಎಂಬುದು ನಾಯಿ ಎಷ್ಟು ಸಲ ಕುಂಟುತ್ತದೆ, ನೋವು ಎಷ್ಟಿದೆ ಎಂಬುದರ ಮೇಲೆ. ಮೂರು, ನಾಲ್ಕಕ್ಕೆ ಆಪರೇಷನ್ನೇ ದಾರಿ. ಬೆಳೆಯುವ ಮರಿಯಲ್ಲಿ ನಾಲ್ಕನೇ ದರ್ಜೆ ಇದ್ದರೆ ಎಲುಬು ಸೊಟ್ಟಗಾಗುವ ಮೊದಲೇ ಮಾಡಿಸಬೇಕು. ತೋಡನ್ನು ಆಳ ಮಾಡುವುದು, ಸ್ನಾಯು ಎಳೆಯುವ ಎಲುಬಿನ ತುಣುಕನ್ನು ನೇರಕ್ಕೆ ತಂದು ಕೂರಿಸುವುದು, ಸಡಿಲಾದ ಬದಿಯನ್ನು ಹೊಲಿದು ಬಿಗಿ ಮಾಡುವುದು, ಇಷ್ಟು ಆ ಕೆಲಸದ ತಿರುಳು. ಆಮೇಲೆ ಆರರಿಂದ ಎಂಟು ವಾರ ಓಟ, ಜಿಗಿತ ಇಲ್ಲದೆ ಕಾಯಬೇಕು. ಕೆಲವು ನಾಯಿಗಳಲ್ಲಿ ಚಿಪ್ಪು ಮತ್ತೆ ಜಾರುವುದುಂಟು. ಆದರೂ ಹೆಚ್ಚಿನವು ಚೆನ್ನಾಗಿ ನಡೆಯುತ್ತವೆ. ಎಲುಬಿನ ಆಪರೇಷನ್ ಎಲ್ಲ ಊರುಗಳಲ್ಲೂ ಆಗುವಂಥದ್ದಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ದರ್ಜೆ ತಿಳಿದುಕೊಂಡು, ಬೇಕಾದರೆ ಬೀದರಿನ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಕಾಲೇಜು ಅಥವಾ ಹೈದರಾಬಾದಿನ ಕಡೆ ಮೊದಲೇ ವಿಚಾರಿಸಿ ಹೊರಡುವುದು ಮೇಲು. ಆಸ್ಪತ್ರೆಗೆ ಹೋಗುವ ಮುಂಚೆ ನಾಯಿ ಕುಪ್ಪಳಿಸುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಬೇಕು. ಮನೆಯಲ್ಲಿ ಕುಂಟುವ ನಾಯಿ ಆಸ್ಪತ್ರೆಯ ಭಯದಲ್ಲಿ ಸರಿಯಾಗಿ ನಡೆದುಬಿಡುತ್ತದೆ.

ಎಲ್ಲ ಕುಂಟೂ ಚಿಪ್ಪಿನದಲ್ಲ. ನಿನ್ನೆಯವರೆಗೆ ಬರೀ ಕುಪ್ಪಳಿಸುತ್ತಿದ್ದ ನಾಯಿ ಇಂದು ಕಾಲನ್ನು ನೆಲಕ್ಕೆ ಊರುತ್ತಲೇ ಇಲ್ಲವೆಂದರೆ ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿದಿರಬಹುದು. ಚಿಪ್ಪು ಜಾರುವ ನಾಯಿಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಐದಾರು ತಿಂಗಳ ಮರಿ ದಿನೇ ದಿನೇ ಹೆಚ್ಚು ಕುಂಟಿದರೆ ಸೊಂಟದ ಕೀಲಿನ ಎಲುಬಿಗೆ ರಕ್ತ ಸಾಲದೆ ಅದು ಸವೆಯುವ ರೋಗವಿರಬಹುದು. ಕುಂಟುವುದರ ಜೊತೆ ಜ್ವರ, ಊಟ ಬಿಡುವುದು ಕಂಡರೆ ಉಣ್ಣಿಯಿಂದ ಬರುವ ಜ್ವರವನ್ನು ಮೊದಲು ನೋಡಿಸಬೇಕು. ಎಣ್ಣೆ ತಿಕ್ಕುತ್ತ ಕಳೆದ ಪ್ರತಿ ದಿನವೂ ಇಲ್ಲಿ ನಷ್ಟವೇ.

ಕೊನೆಯ ನಂಬಿಕೆ ಮುಂದಿನ ಮರಿಗಳಿಗೆ ಸಂಬಂಧಿಸಿದ್ದು. “ಹೆಣ್ಣು ನಾಯಿ ಒಂದ್ ಸಲ ಮರಿ ಹಾಕ್ಲಿ, ಮೈ ಗಟ್ಟಿ ಆಗ್ತದ” ಎಂದು ಚಿಪ್ಪು ಜಾರುವ ನಾಯಿಯನ್ನೂ ಜೋಡಿ ಮಾಡಿಸುತ್ತಾರೆ. ಮೈ ಗಟ್ಟಿಯಾಗುವುದಿಲ್ಲ, ದೋಷ ಮರಿಗಳಿಗೆ ದಾಟುತ್ತದೆ. ಆಪರೇಷನ್ ಆಗಿ ಚೆನ್ನಾಗಿ ನಡೆಯುವ ನಾಯಿಯನ್ನೂ ಜೋಡಿ ಮಾಡಿಸಬಾರದು, ಏಕೆಂದರೆ ಕತ್ತರಿ ಕಾಲನ್ನು ಸರಿಪಡಿಸಿತೇ ಹೊರತು ರಕ್ತದಲ್ಲಿ ಬಂದದ್ದನ್ನಲ್ಲ. ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾರುವ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಎಳೆಯ ಮರಿಯ ಮೊಣಕಾಲಿನಲ್ಲಿ ಸಣ್ಣ ದೋಷ ಬೇಗ ಗೊತ್ತಾಗದು. ಆದ್ದರಿಂದ ಪಾಮ್, ಪಗ್, ಶಿಹ್ ಟ್ಜು ಯಾವುದೇ ಇರಲಿ, ಮರಿ ಕೊಳ್ಳುವವರು ಮೊದಲು ಅದರ ತಂದೆ ತಾಯಿಯನ್ನು ತಮ್ಮೆದುರು ನಡೆಸಿ ನೋಡಲಿ, ಅವುಗಳ ಮೊಣಕಾಲನ್ನು ಪಶುವೈದ್ಯರು ಪರೀಕ್ಷಿಸಿದ್ದಾರೆಯೇ ಎಂದು ಕೇಳಲಿ. ತೋರಿಸಲು ಒಪ್ಪದವರ ಹತ್ತಿರ ಮರಿ ಕೊಳ್ಳುವುದು ಬೇಡ.