ಐದು ತಂತಿ ಸುಮ್ಮನಿದ್ದರೇ ಆರನೆಯದು ಹಾಡೀತು!

ತೆರೆಯ ಮೇಲೆ ನಾಯಕ ಗಿಟಾರ್ ಹಿಡಿದರೆ ಸಾಕು, ಟಾಕೀಸಿನ ತುಂಬ ಸಿಳ್ಳೆ! ಬೆರಳು ಎಲ್ಲೋ, ತಂತಿ ಎಲ್ಲೋ. ಆದರೂ ನಾದ ಮಾತ್ರ ಜೇನು. ಅದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೂತ ಇನ್ನೊಬ್ಬನ ಕೈಚಳಕ. ಅದೇ ಹಾಡನ್ನು ಕುರಕುಂಟಾದ ಹುಡುಗ ಮೊಬೈಲ್ ನೋಡಿ ಕಲಿತು ಮನೆ ಕಟ್ಟೆಯ ಮೇಲೆ ನುಡಿಸಿದರೆ? ಸ್ವರಕ್ಕಿಂತ ಗುಂಯ್ ಗುಂಯ್ ಸದ್ದೇ ಜಾಸ್ತಿ. "ಅಗ್ಗದ ಗಿಟಾರ್ ನೋಡಪಾ, ಅದಕ್ಕೇ ಹಿಂಗ" ಅಂತ ಗೆಳೆಯರ ತೀರ್ಪು. ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಜಾಗವಿಲ್ಲ. ಆರು ತಿಂಗಳಲ್ಲಿ ಗಿಟಾರ್ ಮೂಲೆ ಸೇರುತ್ತೆ, ಇಲ್ಲವೇ ಅರ್ಧ ಬೆಲೆಗೆ ಮಾರಾಟ!

ತಾಳಿ ಮಿತ್ರರೇ! ಎಷ್ಟೋ ಸಲ ತಪ್ಪು ಗಿಟಾರಿನದಲ್ಲ. ನುಡಿಸದ ತಂತಿಗಳ ಬಾಯಿ ಮುಚ್ಚಿಸಿಲ್ಲ, ಅಷ್ಟೇ.

ಕೇಳದೆ ಹಾಡುವ ತಂತಿ

ನಮ್ಮ ಕಡೆ ತತ್ವಪದ ಹಾಡುವವರ ಏಕತಾರಿಗೆ ಈ ತಾಪತ್ರಯವಿಲ್ಲ. ಒಂದೇ ತಂತಿ, ಅದು ಕೊನೆತನಕ ಮಿಡಿಯುತ್ತಲೇ ಇರಬೇಕು. ಗಿಟಾರಿಗೆ ಆರು. ಶ್ರುತಿ ಸರಿಯಿರುವ ಗಿಟಾರಿನ ಐದನೆಯ ತಂತಿಯನ್ನು ಮೀಟಿ, ಕ್ಷಣ ಬಿಟ್ಟು ಅದೊಂದನ್ನೇ ಬೆರಳಿನಿಂದ ನಿಲ್ಲಿಸಿ. ಕಿವಿಗೊಡಿ... ಯಾರೂ ಮುಟ್ಟದ ಒಂದನೆಯ ತಂತಿ ಸಣ್ಣಗೆ ಹಾಡುತ್ತಿರುತ್ತೆ! ಐದನೆಯದರ ಕಂಪನ ಸೆಕೆಂಡಿಗೆ 110. ಅದರ ಮೂರು ಪಟ್ಟು 330. ಒಂದನೆಯದರ ಕಂಪನವೂ ಹೆಚ್ಚುಕಡಿಮೆ ಅಷ್ಟೇ. ಸಿತಾರಿನಲ್ಲಿ ಇದಕ್ಕೆಂದೇ ತರಫ್ ತಂತಿ ಕಟ್ಟುತ್ತಾರೆ. ಗಿಟಾರಿನಲ್ಲಿ, ಅದರಲ್ಲೂ ಆಂಪ್ಲಿಫೈಯರಿಗೆ ಜೋಡಿಸಿದರೆ, ಅದೇ ರಾಡಿ!

ಪಿಕ್ ಬಿಟ್ಟವರ ಪಾಡು

ಪಿಕ್ ಹಿಡಿದವರ ಅಂಗೈ ಅಂಚು ದಪ್ಪ ತಂತಿಗಳ ಮೇಲೆ ಸುಲಭವಾಗಿ ಒರಗಿ ಅವನ್ನು ತಡೆಯುತ್ತೆ. ಬೆರಳಿನಿಂದ ಮೀಟುವವರ ಅಂಗೈ ಮೇಲೆದ್ದಿರುತ್ತೆ, ಕಾವಲುಗಾರನೇ ಇಲ್ಲ! ಹಾಗಂತ ಆಗದ ಕೆಲಸವೇನಲ್ಲ. 1978ರ 'ಸುಲ್ತಾನ್ಸ್ ಆಫ್ ಸ್ವಿಂಗ್' ಹಾಡಿನಲ್ಲಿ ಮಾರ್ಕ್ ನಾಫ್ಲರ್ ಎಲೆಕ್ಟ್ರಿಕ್ ಗಿಟಾರನ್ನೇ ಬೆರಳಿನಿಂದ ನುಡಿಸಿ ಗೆದ್ದವರು.

ಎರಡನೆಯ ತಂತಿ ನುಡಿಸಬೇಕೇ? ಬಲಗೈ ಹೆಬ್ಬೆರಳಿನ ಪಕ್ಕವನ್ನು ಆರು, ಐದು, ನಾಲ್ಕರ ಮೇಲೆ ಹಗುರಾಗಿ ಒರಗಿಸಿ. ತೋರುಬೆರಳು ಮೂರರ ಮೇಲಿರಲಿ. ನಡುಬೆರಳಿನಿಂದ ಎರಡನ್ನು ಮೀಟಿ. ಉಳಿದ ಒಂದನೆಯದಕ್ಕೆ ಎಡಗೈ ತೋರುಬೆರಳನ್ನು ಚೂರು ಮಲಗಿಸಿ. ಒತ್ತಬೇಡಿ, ಸೋಕಿದರೆ ಸಾಕು.

ದಪ್ಪ ತಂತಿಯಿಂದ ಸಣ್ಣದಕ್ಕೆ ಹೋಗುವಾಗ ಹೆಬ್ಬೆರಳು ಹಿಂದಿಂದೆ ಬರಲಿ. ಸಣ್ಣದರಿಂದ ದಪ್ಪಕ್ಕೆ ಮರಳುವಾಗಲೇ ಎಡವೋದು: ಬಿಟ್ಟುಬಂದ ತಂತಿ ಕೂಗುತ್ತಿರುತ್ತೆ. ಅಲ್ಲಿ ಎಡಗೈ ಬೆರಳನ್ನು ಫಟ್ಟನೆ ಎತ್ತಬೇಡಿ. ಒತ್ತಡ ಸಡಿಲಿಸಿ, ತಂತಿ ಸುಮ್ಮನಾದ ಮೇಲೆ ಬಿಡಿ.

ರಾಜನ ಬೆರಳು

ಇಳಯರಾಜಾ ಮದರಾಸಿನಲ್ಲಿ ಧನರಾಜ್ ಮಾಸ್ಟರ್ ಶಿಷ್ಯರು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಕ್ಲಾಸಿಕಲ್ ಗಿಟಾರ್ ಪರೀಕ್ಷೆಯಲ್ಲಿ ಚಿನ್ನದ ಪದಕ ಗೆದ್ದವರು. ಕ್ಲಾಸಿಕಲ್ ಗಿಟಾರ್ ಅಂದರೆ ಬೆರಳಿನದೇ ರಾಜ್ಯ, ಪಿಕ್ಕಿಗೆ ಜಾಗವಿಲ್ಲ! ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಕನ್ನಡ ಚಿತ್ರಗಳಲ್ಲಿ ದುಡಿದು, ಮುಂದೆ 1981ರಲ್ಲಿ ಶಂಕರ್‌ನಾಗ್ 'ಗೀತಾ'ಗೆ, 1983ರಲ್ಲಿ ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ'ಗೆ ಸಂಗೀತ ಕೊಟ್ಟರು. ಆ ಹಾಡುಗಳನ್ನು ಮತ್ತೊಮ್ಮೆ ಕೇಳಿ. ಈ ಸಲ ಸ್ವರದ ಜೊತೆಗೆ ಸ್ವರ ನಿಲ್ಲುವ ಜಾಗವನ್ನೂ ಗಮನಿಸಿ.

ಇನ್ನು ಅಭ್ಯಾಸ. ದಿನಕ್ಕೆ ಹತ್ತು ನಿಮಿಷ, ನಿಧಾನವಾಗಿ. ಒಂದು ಸ್ವರ ನುಡಿಸಿ, ನಿಲ್ಲಿಸಿ, ಕೇಳಿ. ಏನಾದರೂ ಉಳಿದಿದ್ದರೆ ಯಾವ ತಂತಿ ಎಂದು ಹುಡುಕಿ ಹಿಡಿಯಿರಿ. ಪೂರ್ತಿ ನಿಶ್ಶಬ್ದವಾದ ಮೇಲೇ ಮುಂದಿನ ಸ್ವರ. ಹೊಸ ಗಿಟಾರಿಗೆ ದುಡ್ಡು ಕೂಡಿಸುವ ಮುಂಚೆ ಇಷ್ಟು ಮಾಡಿ ನೋಡ್ರಿ. ಖರ್ಚು ಒಂದು ಪೈಸೆ ಇಲ್ಲ!