ಕವಿತೆ ಅವಳದು, ಗುರುತು ಹಿಡಿಯುವ ಹಕ್ಕು ಊರಿನದ್ದಲ್ಲ

ಆಘಾತದಿಂದ ಚೇತರಿಸಿಕೊಳ್ಳುತ್ತಿರುವ ಹುಡುಗಿಯೊಬ್ಬಳು ಕವಿತೆ ಬರೆದರೆ ನಾವು ಮೊದಲು ಕೇಳೋದು, 'ಇದು ನಿನ್ನದೇ ಕಥೆನಾ?' ಅಂತ. ಬೆಂಗಳೂರಿನಲ್ಲಿ ಇದು ಬರೀ ಕುತೂಹಲ ಇರಬಹುದು. ಆಲೂರು ತಾಲ್ಲೂಕಿನ ಪಾಳ್ಯದಂಥ ಕಡೆ ಹಾಗಲ್ಲ. ಬಸ್ಸಲ್ಲಿ ಪಕ್ಕ ಕೂತವರಿಗೂ ನೀವು ಯಾರ ಮನೆಯವರು ಅಂತ ಗೊತ್ತಿರುತ್ತೆ. ಕವಿತೆಯಲ್ಲೊಂದು ಕಾಫಿ ತೋಟ, ಒಬ್ಬ ಚಿಕ್ಕಪ್ಪ, ಒಂದು ಮಳೆಗಾಲ ಬಂದರೆ ಸಾಕು, ಉಳಿದದ್ದನ್ನು ಊರೇ ತುಂಬಿಕೊಳ್ಳುತ್ತೆ.

ಹಾಸನದಲ್ಲಿ ಈ ಭಯ ಕಾಲ್ಪನಿಕ ಅಲ್ಲ. 2024ರ ಲೋಕಸಭಾ ಚುನಾವಣೆ ಹೊತ್ತಲ್ಲಿ ಇಲ್ಲಿ ಪೆನ್‌ಡ್ರೈವ್‌ಗಳು ಹಂಚಿಕೆಯಾದಾಗ ಹೆಣ್ಣುಮಕ್ಕಳ ಮುಖಗಳನ್ನು ಮಸುಕು ಮಾಡುವ ಗೋಜಿಗೂ ಯಾರೂ ಹೋಗಿರಲಿಲ್ಲ.

ಕಾನೂನು ಸ್ಪಷ್ಟವಾಗಿಯೇ ಇದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ (ಹಳೇ ಐಪಿಸಿಯ 228ಎ) ಪ್ರಕಾರ 2 ವರ್ಷದವರೆಗೆ ಜೈಲು. ಹೆಸರು ಬಿಟ್ಟರಷ್ಟೇ ಸಾಲದು, ಯಾರೆಂದು ಪತ್ತೆಹಚ್ಚಲು ನೆರವಾಗುವ ವಿವರವೂ ಬರಬಾರದು ಅಂತ 2018ರಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಯಸ್ಕ ಹೆಣ್ಣು ತಾನೇ ಲಿಖಿತವಾಗಿ ಒಪ್ಪಿದರೆ ಮಾತು ಬೇರೆ.

ಹಾಗಾದರೆ ಬರೆದು ಏನು ಪ್ರಯೋಜನ? ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ 4 ದಿನ, ದಿನಕ್ಕೆ 15 ನಿಮಿಷ, ತಮಗಾದ ಆಘಾತದ ಬಗ್ಗೆ ಬರೆಯಲು ಹೇಳಿದ್ದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದರೆ ಘಟನೆ, ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಮ್ಮಿ. ನಂತರದ ಅಧ್ಯಯನಗಳಲ್ಲಿ ಪರಿಣಾಮ ಸಣ್ಣದಾಗಿಯೇ ಕಂಡಿದೆ, ಹಾಗಾಗಿ ಕವಿತೆಯನ್ನು ಔಷಧಿ ಅಂತ ಮಾರೋದು ಬೇಡ. ನಿದ್ದೆ ಹೋಗಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬೇಕು. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಗಮನಿಸಬೇಕಾದ್ದು ಇಷ್ಟೇ: ಆ ವಿದ್ಯಾರ್ಥಿಗಳು ಬರೆದದ್ದನ್ನು ಯಾರೂ ವೇದಿಕೆ ಮೇಲೆ ಓದಿಸಲಿಲ್ಲ.

ನಮ್ಮಲ್ಲಿ ಹೆಣ್ಣಿನ ಕಾವ್ಯಕ್ಕೆ ಸ್ವಂತ ಹೆಸರಿನ ಒತ್ತಾಯ ಮೊದಲಿಂದಲೂ ಇರಲಿಲ್ಲ. ಅಕ್ಕಮಹಾದೇವಿಯ ವಚನಗಳಲ್ಲಿರುವ ಅಂಕಿತ ಚೆನ್ನಮಲ್ಲಿಕಾರ್ಜುನನದು. ಅದು ಭಕ್ತಿಗೆ, ಮರೆಮಾಚಲು ಅಲ್ಲ, ಒಪ್ಪೋಣ. ಬೀಸುವ ಪದಗಳಿಗಂತೂ ಕವಿಯೇ ಇಲ್ಲ. ಗಂಡನ ಮನೆಯ ಸಂಕಟವನ್ನು ಯಾರು ಹಾಡಿದರೂ ಅದು ಎಲ್ಲರದು.

ಸ್ವಂತ ಹೆಸರಲ್ಲೇ ಹೇಳಿಕೊಂಡವರೂ ಇದ್ದಾರೆ. ಹಾಸನದವರೇ ಆದ, 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್, 29ರಲ್ಲಿ ಹೆರಿಗೆ ನಂತರ ತಮ್ಮನ್ನು ಕಾಡಿದ ಖಿನ್ನತೆಯ ಬಗ್ಗೆ ಸಂದರ್ಶನದಲ್ಲಿ ಹೇಳಿದ್ದಾರೆ. ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ಅವರ ತೀರ್ಮಾನವೇ ಆಗಿತ್ತು.

ತಾಲ್ಲೂಕು ಕವಿಗೋಷ್ಠಿ ಮಾಡುವವರು, ನಮ್ಮಂಥ ಸಂಪಾದಕರು ಇಷ್ಟಾದರೂ ಮಾಡಬಹುದು: ಹುಡುಗಿಯ ಊರು, ಕಾಲೇಜು, ಫೋಟೋ ಹಾಕುವ ಮುಂಚೆ ಅವಳನ್ನು ಕೇಳೋದು. ಬೇರೆ ಹೆಸರು ಬೇಕಾ ಅಂತ ವಿಚಾರಿಸೋದು. ನಾಳೆ ಬೆಳಗ್ಗೆ ಅವಳು 'ಬೇಡ, ತೆಗೆದುಬಿಡಿ' ಅಂದರೆ, ಕಾರಣ ಕೇಳದೆ ತೆಗೆಯೋದು.